ಮೆಲ್ಬರ್ನ್‌ನ ಚಳಿ, ಮಾನ್ವಿಯ ಮಳೆ

ಜುಲೈ ತಿಂಗಳು. ಇಲ್ಲಿ ಮೆಲ್ಬರ್ನ್‌ನಲ್ಲಿ ಮೈ ಕೊರೆಯುವ ಚಳಿ, ಮಾನ್ವಿಯಲ್ಲಿ ಮಳೆ. ಅವ್ವ ಫೋನ್ ಮಾಡಿ, "ಮನ್ಯಾಗ ಎಲ್ಲಾರ್ಗೂ ಕೆಮ್ಮು ಹತ್ತೈತಿ ಯಪ್ಪಾ" ಎಂದಳು. ನನ್ನ ಕಂಪ್ಯೂಟರಿನಲ್ಲೂ ಆಗ ಕೆಮ್ಮಿನದೇ ಲೆಕ್ಕ ತೆರೆದಿತ್ತು. ನಮ್ಮ ದೇಶದ ಬಹಳಷ್ಟು ಊರುಗಳಲ್ಲಿ ಫ್ಲೂ ಜಾಸ್ತಿಯಾಗುವುದು ಮಳೆಗಾಲದಲ್ಲಿ. ಇಲ್ಲಿ ಚಳಿಗಾಲದಲ್ಲಿ. ತಿಂಗಳು ಮಾತ್ರ ಹೆಚ್ಚುಕಡಿಮೆ ಒಂದೇ.

ರೋಗದ ಸಂಶೋಧನೆ ಅಂದರೆ ಏನು ಮಾಡ್ತೀಯ ಅಂತ ಊರಿನವರು ಕೇಳುತ್ತಾರೆ. ಎಣಿಸುತ್ತೇನೆ. ಯಾರನ್ನು ಎಣಿಸಬೇಕು ಅನ್ನುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಒಂದು ಗೆರೆ ಹಾಕಿದೆ: ಕೆಮ್ಮು ಇರಬೇಕು, ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿರಬೇಕು, ಶುರುವಾಗಿ 10 ದಿನದೊಳಗಿರಬೇಕು. ಅಂಥವರ ಮೂಗಿನೊಳಗೆ ಕಡ್ಡಿ ಆಡಿಸಿ ಮಾದರಿ ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಕೆಲವರಲ್ಲಿ ಫ್ಲೂ ಸಿಗುತ್ತದೆ, ಉಳಿದವರಲ್ಲಿ ಇಲ್ಲ. ಎರಡೂ ಗುಂಪಿನಲ್ಲಿ ಫ್ಲೂ ಲಸಿಕೆ ಹಾಕಿಸಿಕೊಂಡವರು ನೂರಕ್ಕೆ ಎಷ್ಟು ಜನ ಅಂತ ನೋಡುತ್ತೇವೆ. ಫ್ಲೂ ಸಿಕ್ಕವರಲ್ಲಿ ಅಂಥವರು ಕಡಿಮೆ ಇದ್ದರೆ ಲಸಿಕೆ ಆ ವರ್ಷ ಕೆಲಸ ಮಾಡಿದೆ ಎಂದರ್ಥ. ಎರಡೂ ಗುಂಪಿನವರು ಹುಷಾರು ತಪ್ಪಿದಾಗ ಡಾಕ್ಟರ ಹತ್ತಿರ ಹೋಗುವ ಜನವೇ ಅಲ್ವಾ, ಹೋಲಿಕೆಗೆ ಬೆಲೆ ಬರುವುದು ಅದರಿಂದ. ಇಷ್ಟು ಸರಳವಾದ ಉಪಾಯ ನನಗೆ ಇವತ್ತಿಗೂ ಸೊಗಸಾಗಿ ಕಾಣುತ್ತದೆ.

ನಮ್ಮಪ್ಪ ಅಕ್ಕಿ ಮಿಲ್ಲಿನಲ್ಲಿ ಹಮಾಲಿ. ಹೊಟ್ಟಿನ ಧೂಳಿನಲ್ಲೇ ಚೀಲ ಹೊತ್ತು ನಮ್ಮನ್ನು ಓದಿಸಿದ. ದಮ್ಮು ಇತ್ತು. ಒಂದು ಆಗಸ್ಟ್‌ನಲ್ಲಿ ಜ್ವರ, ಕೆಮ್ಮು, ಮೈಕೈ ನೋವು ಅಂತ ಮಲಗಿದ. ಸಲಾಯಿನ್ ಹಚ್ಚಿದರು. ಎದ್ದು ಕೂತು ಗಂಜಿಯನ್ನೂ ಕುಡಿದ. ಐದನೇ ದಿನ ಎದೆ ಹಿಡಿದುಕೊಂಡಿತು. ರಾಯಚೂರು ಮುಟ್ಟುವ ಮೊದಲೇ ಹೋಗಿಬಿಟ್ಟ. ಕಾಗದದ ಮೇಲೆ ಹೃದಯಾಘಾತ ಎಂದು ಬರೆದುಕೊಟ್ಟರು. ಜ್ವರದ ಮಾತೇ ಅದರಲ್ಲಿ ಇರಲಿಲ್ಲ.

2018ರಲ್ಲಿ ಕೆನಡಾದ ಒಂದು ಅಧ್ಯಯನ ಪ್ರಕಟವಾಯಿತು. ಫ್ಲೂ ಖಚಿತವಾದ ಮೊದಲ ಏಳು ದಿನಗಳಲ್ಲಿ ಹೃದಯಾಘಾತ ಬೇರೆ ದಿನಗಳಿಗಿಂತ ಸುಮಾರು ಆರು ಪಟ್ಟು ಹೆಚ್ಚು ಎಂದು ಅದು ತೋರಿಸಿತು. ಅದನ್ನು ಓದಿದ ದಿನ ನಾನು ಮುಂದಿನ ಪುಟ ತಿರುಗಿಸಲಿಲ್ಲ. ಅಪ್ಪನ ಐದು ದಿನಗಳನ್ನೇ ಬೆರಳು ಮಡಚಿ ಎಣಿಸುತ್ತಾ ಕೂತೆ.

ಹೀಗೆ ಬೇರೆ ಹೆಸರಿನಲ್ಲಿ ಬಚ್ಚಿಟ್ಟುಕೊಂಡ ಸಾವುಗಳನ್ನು ಹುಡುಕುವ ದಾರಿ ಹಳೆಯದು. 1847ರಲ್ಲಿ ಲಂಡನ್‌ನಲ್ಲಿ ಫ್ಲೂ ಹಬ್ಬಿದಾಗ ಅಲ್ಲಿನ ಜನನ-ಮರಣ ದಾಖಲೆ ಕಚೇರಿಯ ವಿಲಿಯಂ ಫಾರ್ ಎಂಬಾತ, ಆ ಕಾಲದಲ್ಲಿ ಮಾಮೂಲಿಯಾಗಿ ಎಷ್ಟು ಜನ ಸಾಯುತ್ತಿದ್ದರು, ಈಗ ಎಷ್ಟು ಎಂದು ಪಕ್ಕಪಕ್ಕ ಇಟ್ಟು ನೋಡಿದ. ಹೆಚ್ಚಾದದ್ದು ಫ್ಲೂ ಲೆಕ್ಕಕ್ಕೆ ಬಂತು. ಆದರೆ ಅದಕ್ಕೆ ಸಾವುಗಳು ಸರಿಯಾಗಿ ದಾಖಲಾಗಿರಬೇಕು. 1918ರ ಫ್ಲೂ ಮಹಾಮಾರಿ ನಮ್ಮ ದೇಶದಲ್ಲಿ ಕೋಟಿಗೂ ಹೆಚ್ಚು ಜನರನ್ನು ಕೊಂದಿತು. 1911ರಿಂದ 1921ರ ನಡುವೆ ದೇಶದ ಜನಸಂಖ್ಯೆಯೇ ಇಳಿಯಿತು. ಸತ್ತವರಲ್ಲಿ ಎಷ್ಟೋ ಜನರ ಸಾವು ಯಾವ ಪುಸ್ತಕಕ್ಕೂ ಏರಲಿಲ್ಲ. ಮನೆಯಲ್ಲಿ ಸಾವಾದರೆ ಜ್ವರ ಯಾವಾಗ ಶುರುವಾಯಿತು, ಎಷ್ಟು ದಿನ ಇತ್ತು ಎಂಬುದನ್ನು ಬರೆಯುವವರಿಗೆ ದಯವಿಟ್ಟು ಹೇಳಿ.

ದಮ್ಮು, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದವರು, ವಯಸ್ಸಾದವರು, ಬಸುರಿಯರು ಜ್ವರ-ಕೆಮ್ಮು ಬಂದರೆ ಸುಮ್ನೆ ಕಾಯಬೇಡಿ. ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ಮಾತ್ರೆ ಚೆನ್ನಾಗಿ ಕೆಲಸ ಮಾಡುವುದು ಮೊದಲ ಎರಡು ದಿನದೊಳಗೆ ಶುರು ಮಾಡಿದರೆ. ಲಸಿಕೆ ಬೇಕಿದ್ದರೆ ಮಳೆಗಾಲಕ್ಕೆ ಮೊದಲೇ ಡಾಕ್ಟರನ್ನು ಕೇಳಿ.

ಈ ಸಲ ಮೇ ತಿಂಗಳಲ್ಲಿ ನನ್ನ ತಮ್ಮ ರಾಯಚೂರಿನ ಮೆಡಿಕಲ್ ಶಾಪಿಗೆ ಹೇಳಿ ಅವ್ವನಿಗೆ ಲಸಿಕೆ ತರಿಸಿದ. 2ರಿಂದ 8 ಡಿಗ್ರಿಯೊಳಗೆ ಇರಬೇಕು, ಆ ಬಿಸಿಲಿನಲ್ಲಿ ಐಸ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದ. ಡಬ್ಬಿಯ ಮೇಲೆ ದಕ್ಷಿಣ ಗೋಳಾರ್ಧ ಎಂದಿತ್ತು, ಅಂದರೆ ಆಸ್ಟ್ರೇಲಿಯಾದಂಥ ದೇಶಗಳ ಚಳಿಗಾಲಕ್ಕೆ ತಯಾರಿಸಿದ್ದು. ಆ ಲಸಿಕೆಯಲ್ಲಿ ಯಾವ ವೈರಸ್ ಇರಬೇಕೆಂದು ಹಿಂದಿನ ಸೆಪ್ಟೆಂಬರ್‌ನಲ್ಲಿ ತೀರ್ಮಾನವಾಗಿರುತ್ತದೆ. ಹಲವು ದೇಶಗಳಿಂದ ಬಂದ ಮಾದರಿಗಳನ್ನು ನೋಡಿ ಆರಿಸುತ್ತಾರೆ, ನಮ್ಮ ಮೆಲ್ಬರ್ನ್‌ನ ಚಳಿಗಾಲದ ಮಾದರಿಗಳೂ ಅದರಲ್ಲಿರುತ್ತವೆ. ಅವ್ವನಿಗೆ ಇದನ್ನು ವಿವರಿಸಿದೆ.

"ಅಲ್ಲಿ ಯಾವುದೋ ಕೂಸಿನ ಮೂಗಿನಾಗಿಂದು ನನ್ನ ತೋಳಿಗೆ ಬಂತೇನು?" ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಕೂಸು ಆರಾಮಾತಿಲ್ಲೋ?" ಎಂದು ಕೇಳಿದಳು.