ಯುಡಿಆರ್ ಕಡತದಲ್ಲಿ ಮುಚ್ಚಿಹೋಗಿದ್ದ ಕೊಲೆಗಳು: ಸಯನೈಡ್ ಮೋಹನ್ ಸಿಕ್ಕಿಬಿದ್ದ ಬಗೆ

ಮೈಸೂರು, ಬೆಂಗಳೂರು, ಹಾಸನ. ಬೇರೆ ಬೇರೆ ಊರಿನ ಬಸ್ ನಿಲ್ದಾಣ, ಬೇರೆ ಬೇರೆ ತಿಂಗಳು. ಕಂಡದ್ದು ಮಾತ್ರ ಒಂದೇ: ಮಹಿಳೆಯರ ಶೌಚಾಲಯದ ಬಾಗಿಲಿಗೆ ಒಳಗಿನಿಂದ ಚಿಲಕ, ಒಡೆದು ನೋಡಿದರೆ ಒಳ್ಳೆಯ ಸೀರೆ ಉಟ್ಟ ಯುವತಿಯ ಶವ, ಮೈಮೇಲೆ ಒಂದೂ ಒಡವೆಯಿಲ್ಲ. 2009ರವರೆಗಿನ ಐದಾರು ವರ್ಷಗಳಲ್ಲಿ ಇಂಥ 20 ಸಾವುಗಳು ಆದವು ಎಂಬುದು ಆಮೇಲೆ ಗೊತ್ತಾಯಿತು. ಆಗ ಆಯಾ ಠಾಣೆಯ ಪಾಲಿಗೆ ಇದ್ದದ್ದು ಒಂದೊಂದೇ ಸಾವು, ಅದೂ ಆತ್ಮಹತ್ಯೆಯ ಹಾಗೆ ಕಾಣುವ ಸಾವು.

ಕೊಂದವನು ಬಂಟ್ವಾಳ ತಾಲೂಕಿನ ಮೋಹನ್ ಕುಮಾರ್, ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಾಗಿದ್ದವನು. ಬಡ ಮನೆಯ, ವರದಕ್ಷಿಣೆ ಹೊಂದಿಸಲಾಗದೆ ಮದುವೆ ಮುಂದೆ ಹೋಗುತ್ತಿದ್ದ ಹುಡುಗಿಯರನ್ನು ಗುರುತಿಸಿ ಮಾತಿಗೆಳೆಯುತ್ತಿದ್ದ. ಹುಡುಗಿಯ ಜಾತಿ ಯಾವುದೋ ತನ್ನದೂ ಅದೇ ಎನ್ನುತ್ತಿದ್ದ, ಹೆಸರನ್ನೂ ಅದಕ್ಕೆ ತಕ್ಕಂತೆ ಬದಲಿಸುತ್ತಿದ್ದ. ವರದಕ್ಷಿಣೆ ಬೇಡ, ಸರಳವಾಗಿ ಮದುವೆಯಾಗೋಣ ಎಂದು ದೂರದ ಊರಿಗೆ ಕರೆದೊಯ್ದು ಲಾಡ್ಜಿನಲ್ಲಿ ರಾತ್ರಿ ಕಳೆಯುತ್ತಿದ್ದ. ಬೆಳಿಗ್ಗೆ ಒಡವೆಗಳನ್ನು ಕೋಣೆಯಲ್ಲೇ ಬಿಚ್ಚಿಡಿಸಿ ಬಸ್ ನಿಲ್ದಾಣಕ್ಕೆ ಕರೆತಂದು, ಗರ್ಭ ನಿಲ್ಲದಂತೆ ಮಾತ್ರೆ ಎಂದು ಸಯನೈಡ್ ಕೊಡುತ್ತಿದ್ದ. ವಾಂತಿ ಬರಬಹುದು, ಶೌಚಾಲಯಕ್ಕೆ ಹೋಗಿ ತಗೋ ಎನ್ನುತ್ತಿದ್ದ. ಚಿಲಕ ಹಾಕುತ್ತಿದ್ದವಳು ಸಾಯುವವಳೇ. ಅಷ್ಟರಲ್ಲಿ ಅವನು ಲಾಡ್ಜಿಗೆ ಮರಳಿ ಒಡವೆ ತೆಗೆದುಕೊಂಡು ಊರು ಬಿಟ್ಟಿರುತ್ತಿದ್ದ.

ಇವನನ್ನು ಅತಿಬುದ್ಧಿವಂತ ಎಂದು ಬಣ್ಣಿಸುವ ಬರಹಗಳನ್ನು ನಾನು ಒಪ್ಪುವುದಿಲ್ಲ. ಅವನಿಗೆ ಚೆನ್ನಾಗಿ ಗೊತ್ತಿದ್ದದ್ದು ನಮ್ಮ ಸಮಾಜ. ಮಗಳು ಓಡಿಹೋದಳು ಎಂದರೆ ಮನೆಯವರು ಮಾನಕ್ಕೆ ಅಂಜಿ ಠಾಣೆ ಮೆಟ್ಟಿಲು ಹತ್ತುವುದು ಕಡಿಮೆ. ಎಲ್ಲೋ ಮದುವೆಯಾಗಿ ಸುಖವಾಗಿದ್ದಾಳೆ ಎಂದು ನಂಬಿ ಕೂತ ಮನೆಗಳೂ ಇದ್ದವು. ಉದ್ದೇಶ ಹುಡುಕಿದರೆ ಮೊದಲು ಸಿಗುವುದು ಚಿನ್ನ. ಅವನಿಗೆ ಒಂದಕ್ಕಿಂತ ಹೆಚ್ಚು ಸಂಸಾರವಿತ್ತು, ಕದ್ದ ಒಡವೆ ಗಿರವಿಗೆ ಹೋಗುತ್ತಿತ್ತು. ಆದರೆ ಬಡ ಮನೆಯ ಹುಡುಗಿಯ ಮೈಮೇಲೆ ಇರುವ ಚಿನ್ನ ಎಷ್ಟು? ಅಷ್ಟಕ್ಕೆ 20 ಜೀವ ತೆಗೆಯಬೇಕಾದರೆ ಎದುರಿನವಳು ಅವನ ಕಣ್ಣಿಗೆ ಮನುಷ್ಯಳಾಗಿ ಕಾಣುತ್ತಿರಲಿಲ್ಲ ಎಂದೇ ಅರ್ಥ. ಹಣ, ಕಾಮ, ಇನ್ನೊಬ್ಬರ ಬದುಕನ್ನು ಮುಷ್ಟಿಯಲ್ಲಿ ಹಿಡಿಯುವ ಚಟ ಇವೆಲ್ಲ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಹಂತಕರನ್ನು ‘ವ್ಯವಸ್ಥಿತ’, ‘ಅವ್ಯವಸ್ಥಿತ’ ಎಂದು ಎರಡೇ ಡಬ್ಬಿಗೆ ಹಾಕುವ ಎಫ್‌ಬಿಐನ ಹಳೆಯ ವಿಂಗಡಣೆಯನ್ನು ಬ್ರಿಟಿಷ್ ಮನಃಶಾಸ್ತ್ರಜ್ಞ ಡೇವಿಡ್ ಕ್ಯಾಂಟರ್ ತಂಡ 2004ರಲ್ಲಿ ಅಮೆರಿಕದ 100 ಸರಣಿ ಹಂತಕರ ಪ್ರಕರಣಗಳ ಮೇಲೆ ಪರೀಕ್ಷಿಸಿದಾಗ ಅದು ನಿಲ್ಲಲಿಲ್ಲ. ಬೆಂಗಳೂರು ಸುತ್ತಮುತ್ತ ಕೊಲೆ ಮಾಡಿ 2007ರ ಕೊನೆಯಲ್ಲಿ ಸಿಕ್ಕಿಬಿದ್ದ ಕೆಂಪಮ್ಮ, ಅಂದರೆ ಸಯನೈಡ್ ಮಲ್ಲಿಕಾ, ದೇವಸ್ಥಾನದಲ್ಲಿ ಕಷ್ಟ ಹೇಳಿಕೊಂಡ ಹೆಂಗಸರಿಗೆ ಮಂಡಲ ಪೂಜೆಯ ಆಸೆ ತೋರಿಸಿ, ಒಡವೆ ಹಾಕಿಕೊಂಡು ಬರಹೇಳಿ, ತೀರ್ಥದಲ್ಲಿ ವಿಷ ಕೊಟ್ಟಳು. ಅಲ್ಲಿಯೂ ಬಲಿಯಾದದ್ದು ನಂಬಿಕೆಯೇ.

ಇಷ್ಟು ಸಾವು ಹೇಗೆ ತಪ್ಪಿಸಿಕೊಂಡವು ಎಂಬುದು ಕಡತದಲ್ಲೇ ಇದೆ. ಅನುಮಾನಾಸ್ಪದ ಸಾವಾದರೆ ಅಪರಾಧ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿ 174ನೇ ಕಲಂ (ಈಗ ಬಿಎನ್‌ಎಸ್‌ಎಸ್ 194) ಅಡಿ ಯುಡಿಆರ್ (ಅಸಹಜ ಸಾವಿನ ವರದಿ) ದಾಖಲಾಗುತ್ತದೆ, ಪಂಚರ ಮುಂದೆ ಶವ ಪಂಚನಾಮೆ ನಡೆಯುತ್ತದೆ. ಯುಡಿಆರ್ ಎಂದರೆ ಕೊಲೆ ಕೇಸಲ್ಲ, ಅದಕ್ಕೆ ಕೊಲೆ ಕೇಸಿನ ಒತ್ತಡವೂ ಇರುವುದಿಲ್ಲ. ಶವ ಮೈಸೂರಲ್ಲಿ ‘ಅಪರಿಚಿತ’, ಹುಡುಗಿ ಬಂಟ್ವಾಳದಲ್ಲಿ ‘ಕಾಣೆ’. ಎರಡನ್ನೂ ಜೋಡಿಸಬೇಕಾದ ಚಹರೆ ಪಟ್ಟಿಯಲ್ಲಿ ‘ದುಂಡು ಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು’ ಎಂದಿದ್ದರೆ ಅದು ರಾಜ್ಯದ ಅರ್ಧ ಹೆಂಗಸರಿಗೆ ಹೊಂದುತ್ತದೆ. ಕೆಲಸಕ್ಕೆ ಬರುವುದು ರವಿಕೆಯ ಕೊರಳಿನ ಹಿಂದೆ ಟೈಲರ್ ಹೊಲಿದ ಚೀಟಿ, ಹಚ್ಚೆ, ಹಳೆಯ ಹೊಲಿಗೆಯ ಗುರುತು, ಹಲ್ಲಿನ ಸ್ಥಿತಿ. ಜೊತೆಗೆ ಇಲ್ಲದಿರುವುದನ್ನೂ ಬರೆಯಬೇಕು: ಚುಚ್ಚಿದ ಕಿವಿಯಲ್ಲಿ ಓಲೆಯಿಲ್ಲ, ಬೆರಳಲ್ಲಿ ಉಂಗುರದ ಬಿಳಿ ಗೆರೆಯಿದೆ ಉಂಗುರವಿಲ್ಲ, ಪರ್ಸಿಲ್ಲ, ಟಿಕೆಟ್ಟಿಲ್ಲ. ಸಾಯಲೆಂದು ಬಂದವಳ ಕಿವಿಯೋಲೆ ಯಾರು ಒಯ್ದರು ಎಂಬ ಪ್ರಶ್ನೆ ಅಲ್ಲೇ ಏಳಬೇಕು.

ಮರಣೋತ್ತರ ಪರೀಕ್ಷೆಯಲ್ಲೂ ಸಯನೈಡ್ ಸುಲಭಕ್ಕೆ ಸಿಗುವುದಿಲ್ಲ. ಕಹಿ ಬಾದಾಮಿಯ ವಾಸನೆ ಎನ್ನುತ್ತಾರೆ, ಅದನ್ನು ಗ್ರಹಿಸುವ ಶಕ್ತಿ ಹುಟ್ಟಿನಿಂದಲೇ ಇಲ್ಲದವರು ಬಹಳ. ಚರ್ಮದ ಮೇಲಿನ ಕೆಂಪು ಛಾಯೆ ಕಪ್ಪು ಮೈಬಣ್ಣದಲ್ಲಿ ಎದ್ದು ಕಾಣುವುದಿಲ್ಲ. ಹಾಗಾಗಿ ವಿಸೆರಾ, ಅಂದರೆ ಒಳಾಂಗಗಳ ಮಾದರಿ, ತೆಗೆಯಲೇಬೇಕು. ಜಠರ ಅದರೊಳಗಿನ ಪದಾರ್ಥದ ಸಮೇತ ಮತ್ತು ಸುಮಾರು 30 ಸೆಂ.ಮೀ. ಸಣ್ಣ ಕರುಳು ಒಂದು ಜಾಡಿಗೆ, ಪಿತ್ತಜನಕಾಂಗದ ತುಂಡು ಮತ್ತು ಎರಡೂ ಮೂತ್ರಪಿಂಡಗಳ ಅರ್ಧ ಭಾಗ ಇನ್ನೊಂದಕ್ಕೆ. ಸಂರಕ್ಷಿಸಲು ಗಟ್ಟಿ ಉಪ್ಪುನೀರು, ಜಾಡಿ ಮೂರರಲ್ಲಿ ಎರಡು ಪಾಲು ಮಾತ್ರ ತುಂಬಬೇಕು, ಬಳಸಿದ ಉಪ್ಪುನೀರಿನ ಮಾದರಿಯನ್ನೂ ಬೇರೆ ಕಳಿಸಬೇಕು. ರಕ್ತ ಸೋಡಿಯಂ ಫ್ಲೋರೈಡ್ ಹಾಕಿದ ಬಾಟಲಿಗೆ. ಯಾರಾದರೂ ಫಾರ್ಮಲಿನ್ ಸುರಿದರೆ ಸಯನೈಡ್ ಅದರ ಜೊತೆ ವರ್ತಿಸಿ ಮಾಯವಾಗುತ್ತದೆ. ಜಾಡಿ ತಿಂಗಳುಗಟ್ಟಲೆ ಠಾಣೆಯಲ್ಲೇ ಉಳಿದರೂ ಅಷ್ಟೇ: ಸಯನೈಡ್ ಆವಿಯಾಗುತ್ತದೆ, ಒಡೆಯುತ್ತದೆ. ಕೊಳೆತ ಅಂಗಾಂಶದಲ್ಲಿ ತಾನಾಗಿಯೂ ಒಂದಿಷ್ಟು ಹುಟ್ಟುವುದರಿಂದ ವರದಿಯ ಬಲ ಇನ್ನೂ ಕುಗ್ಗುತ್ತದೆ.

ಬಾಗಿಲು ತೆರೆದದ್ದು 2009ರಲ್ಲಿ. ಬಂಟ್ವಾಳ ತಾಲೂಕಿನ ಯುವತಿಯೊಬ್ಬಳು ಕಾಣೆಯಾದಾಗ ಅನ್ಯಧರ್ಮದವನ ಜೊತೆ ಹೋದಳೆಂಬ ಗುಲ್ಲೆದ್ದು ಜನ ಪ್ರತಿಭಟನೆಗಿಳಿದರು. ಗುಲ್ಲು ಸುಳ್ಳು, ಆದರೆ ಅದರ ಒತ್ತಡದಿಂದ ಪೊಲೀಸರು ಅವಳ ಫೋನಿನ ಸಿಡಿಆರ್ (ಕರೆಗಳ ವಿವರದ ದಾಖಲೆ) ತೆಗೆಸಿದರು. ಸಿಡಿಆರ್‌ನಲ್ಲಿ ಕರೆ ಮಾಡಿದ ಮತ್ತು ಸ್ವೀಕರಿಸಿದ ನಂಬರ್, ಹೊತ್ತು, ಅವಧಿ, ಟವರ್ ಸಂಕೇತ, ಸಿಮ್ಮಿನ ಗುರುತು ಸಂಖ್ಯೆ ಐಎಂಎಸ್‌ಐ, ಹ್ಯಾಂಡ್‌ಸೆಟ್ಟಿನ ಗುರುತು ಸಂಖ್ಯೆ ಐಎಂಇಐ ಇರುತ್ತವೆ. ಅವಳು ಹೆಚ್ಚು ಮಾತಾಡಿದ ನಂಬರು ಇನ್ನೊಬ್ಬ ಯುವತಿಯದು. ವಿಚಾರಿಸಿದರೆ ಅವಳೂ ಕಾಣೆ. ಅವಳ ಕರೆಗಳ ಬೆನ್ನು ಹತ್ತಿದರೆ ಮತ್ತೊಬ್ಬಳು, ಅವಳೂ ಕಾಣೆ. ಸತ್ತವಳ ಫೋನಿನಿಂದ ಮುಂದಿನವಳಿಗೆ ಕರೆ ಮಾಡುತ್ತಿದ್ದ ಅವನ ಅಭ್ಯಾಸವೇ ಸರಪಳಿಯಾಯಿತು. ಕೊನೆಗೆ ಅಂಥದ್ದೊಂದು ಫೋನು ಮಂಗಳೂರು ಹತ್ತಿರದ ದೇರಳಕಟ್ಟೆಯಲ್ಲಿ ಬಳಕೆಯಲ್ಲಿರುವುದು ಗೊತ್ತಾಯಿತು. ಇಟ್ಟುಕೊಂಡಿದ್ದ ಹುಡುಗ ಮೋಹನನ ಸಂಬಂಧಿ, ಮಾವ ಕೊಟ್ಟದ್ದು ಎಂದ. ಅಕ್ಟೋಬರ್‌ನಲ್ಲಿ ಮೋಹನ್ ಸೆರೆಯಾದ. ಅದುವರೆಗೆ ಬಿಡಿಬಿಡಿಯಾಗಿದ್ದ ಯುಡಿಆರ್‌ಗಳನ್ನು ಆಗ ಒಂದೇ ಮೇಜಿನ ಮೇಲೆ ಹರಡಿ ನೋಡಿದರು.

ಹಿಡಿದರೆ ಮುಗಿಯಲಿಲ್ಲ. ಪೊಲೀಸರ ಮುಂದೆ 20 ಕೊಲೆ ಒಪ್ಪಿಕೊಂಡ ಎಂಬುದಕ್ಕೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ. ಅವನ ಮಾತಿನಿಂದ ಒಡವೆಯೋ ಫೋನೋ ಸಿಕ್ಕರೆ ಆ ಭಾಗವಷ್ಟೇ ಸಾಕ್ಷ್ಯ ಕಾಯ್ದೆಯ 27ನೇ ಕಲಂ (ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 23) ಅಡಿ ನಿಲ್ಲುತ್ತದೆ. ವಿಷದ ಕೊಲೆಗೆ ಸುಪ್ರೀಂ ಕೋರ್ಟ್ 1984ರ ಶರದ್ ಸಾರ್ದಾ ತೀರ್ಪಿನಲ್ಲಿ ನಾಲ್ಕು ಕೊಂಡಿ ಕೇಳಿದೆ: ಉದ್ದೇಶ, ವಿಷದಿಂದಲೇ ಸಾವು, ಆರೋಪಿಯ ಬಳಿ ವಿಷವಿತ್ತು, ಅದನ್ನು ಕೊಡುವ ಅವಕಾಶ ಅವನಿಗಿತ್ತು. ಸಾಯುವ ಹೊತ್ತಿಗೆ ಇವನು ಬಾಗಿಲ ಬಳಿಯೂ ಇರುತ್ತಿರಲಿಲ್ಲವಾದ್ದರಿಂದ ನಾಲ್ಕನೆಯದು ಕಷ್ಟ. ಲಾಡ್ಜಿನವರ ಗುರುತು, ಒಡವೆಯನ್ನು ಮನೆಯವರು ಗುರುತಿಸಿದ್ದು, ಮಾತ್ರೆ ತಿಂದೂ ಬದುಕುಳಿದ ಒಬ್ಬ ಮಹಿಳೆಯ ಸಾಕ್ಷ್ಯ ಇವು ಅದನ್ನು ತುಂಬಿದವು. ಆ ಹೆಣ್ಣುಮಗಳು ಕಟಕಟೆಗೆ ಬಂದು ಹೇಳಿದ್ದು ದೊಡ್ಡ ಧೈರ್ಯ. ಒಂದೊಂದು ಸಾವಿಗೂ ಒಂದೊಂದು ವಿಚಾರಣೆ. ತನ್ನ ವಾದವನ್ನು ಅವನೇ ಮಂಡಿಸಿದ. 2013ರ ಡಿಸೆಂಬರ್‌ನಲ್ಲಿ ಮಂಗಳೂರು ನ್ಯಾಯಾಲಯ ಗಲ್ಲು ವಿಧಿಸಿತು, ಬಂಟ್ವಾಳದ ಯುವತಿಯ ಪ್ರಕರಣದಲ್ಲಿ ಹೈಕೋರ್ಟ್ 2017ರಲ್ಲಿ ಅದನ್ನು ಸಾಯುವತನಕ ಜೈಲಿಗೆ ಇಳಿಸಿತು. ಇಪ್ಪತ್ತನೆಯ ಪ್ರಕರಣದ ತೀರ್ಪು ಬಂದದ್ದು 2020ರ ಜೂನ್‌ನಲ್ಲಿ.

ಮನೆಯಲ್ಲಿ ಯಾರಾದರೂ ಕಾಣೆಯಾದರೆ ದೂರಿನ ಜೊತೆ ಇಷ್ಟನ್ನು ಬರೆದು ಕೊಡಿ: ಫೋನ್ ಡಬ್ಬಿಯ ಮೇಲಿನ 15 ಅಂಕಿಯ ಐಎಂಇಐ, ಮೈಮೇಲಿದ್ದ ಒಡವೆಯ ತೂಕ ಮತ್ತು ಅಂಗಡಿ ರಸೀದಿ, ಉಟ್ಟ ಬಟ್ಟೆ ಹೊಲಿದ ಟೈಲರ್ ಹೆಸರು, ಗಾಯದ ಗುರುತು. ಸಿಮ್ ಬದಲಾದರೂ ಐಎಂಇಐ ಅದೇ ಇರುತ್ತದೆ. ಟೆಲಿಕಾಂ ಕಂಪನಿಗಳು ಸಿಡಿಆರ್ ಇಟ್ಟುಕೊಳ್ಳಬೇಕಾದದ್ದು ಈಗ ಕನಿಷ್ಠ ಎರಡು ವರ್ಷ, ಆದ್ದರಿಂದ ಅದನ್ನು ತರಿಸಿದ್ದಾರಾ ಎಂದು ತನಿಖಾಧಿಕಾರಿಯನ್ನು ಮೊದಲ ವಾರದಲ್ಲೇ ಕೇಳಿ.