ಬ್ರಿಡ್ಜಸ್ ಮನೆಯವರು

ನಿನ್ನೆ ರಾತ್ರಿ ‘ದಿ ಫ್ಯಾಬುಲಸ್ ಬೇಕರ್ ಬಾಯ್ಸ್’ ಮತ್ತೆ ನೋಡಿದೆ. 1989ರ ಸಿನಿಮಾ. ಪಿಯಾನೋ ನುಡಿಸಿ ಹೊಟ್ಟೆ ಹೊರೆಯುವ ಅಣ್ಣತಮ್ಮಂದಿರ ಪಾತ್ರಕ್ಕೆ ನಿಜವಾದ ಅಣ್ಣತಮ್ಮಂದಿರೇ, ಬೋ ಮತ್ತು ಜೆಫ್ ಬ್ರಿಡ್ಜಸ್. ಅವರಿಬ್ಬರೂ ಜಗಳಕ್ಕೆ ಬೀಳುವಾಗ ನಟನೆ ಅನ್ನಿಸುವುದೇ ಇಲ್ಲ; ಒಂದೇ ಮನೆಯಲ್ಲಿ ಬೆಳೆದವರಿಗಷ್ಟೇ ಬರುವ ಸಲಿಗೆ, ಸಿಟ್ಟು ಅದು.

ಅಪ್ಪ ಲಾಯ್ಡ್ 1958ರಲ್ಲಿ ಶುರುವಾದ ‘ಸೀ ಹಂಟ್’ ಧಾರಾವಾಹಿಯಿಂದ ಅಮೆರಿಕದಲ್ಲಿ ಮನೆಮಾತಾದವರು. ಮಕ್ಕಳಿಬ್ಬರೂ ಅದರಲ್ಲಿ ಕಾಣಿಸಿಕೊಂಡಿದ್ದರು. ಬೋ ಅವರ ಮಗ ಜೋರ್ಡನ್ ಕೂಡ ನಟನೇ.

2010ರಲ್ಲಿ ಆಸ್ಕರ್ ಕೈಗೆ ಬಂದಾಗ ಜೆಫ್ ವೇದಿಕೆ ಮೇಲೆ, ಈ ಕಸುಬಿನ ರುಚಿ ಹತ್ತಿಸಿದ್ದಕ್ಕೆ ಅಪ್ಪ ಅಮ್ಮನಿಗೆ ಧನ್ಯವಾದ ಹೇಳಿದರು. ಆ ಹೊತ್ತಿಗೆ ಇಬ್ಬರೂ ಇರಲಿಲ್ಲ. ಅಮ್ಮ ಡೊರೊಥಿ ತೀರಿಕೊಂಡದ್ದು ಹಿಂದಿನ ವರ್ಷವಷ್ಟೇ.

ಮನೆತನದ ಹೆಸರು ಬಾಗಿಲು ತೆರೆಸಿರಬಹುದು, ಆದರೆ ಇಷ್ಟು ವರ್ಷ ನಿಲ್ಲಿಸಿದ್ದು ಕೆಲಸವೇ. ಅದರಲ್ಲೂ ಬೋ ಅವರಿಗೆ ಇನ್ನೂ ಹೆಚ್ಚು ಹೆಸರು ಸಿಗಬೇಕಿತ್ತು ಅಂತ ನನಗೆ ಬಲವಾಗಿ ಅನ್ನಿಸುತ್ತೆ.