ನಸ್ರೀನ್ ಮೊಹಮದಿಯವರ ಗೆರೆಗಳ ಮುಂದೆ

2016ರ ಏಪ್ರಿಲ್‌ನಲ್ಲಿ ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ, ನ್ಯೂಯಾರ್ಕಿನ ಮೆಟ್ ಬ್ರಾಯರ್‌ನಲ್ಲಿ ನಸ್ರೀನ್ ಮೊಹಮದಿಯವರ ಪುನರವಲೋಕನ ಪ್ರದರ್ಶನವನ್ನು ಎರಡು ಸಲ ನೋಡಿದೆ. ಮೆಟ್ರೋಪಾಲಿಟನ್ ವಸ್ತುಸಂಗ್ರಹಾಲಯವು ಆಧುನಿಕ ಕಲೆಗೆಂದು ಆ ಕಟ್ಟಡವನ್ನು ಹಿಂದಿನ ತಿಂಗಳಷ್ಟೇ ತೆರೆದಿತ್ತು. ಅದರ ಮೊದಲ ಪ್ರದರ್ಶನಗಳಲ್ಲೊಂದು, ತನ್ನ ಬಹುಪಾಲು ಮುಖ್ಯ ಕೃತಿಗಳನ್ನು ಕಾಗದ, ಪೆನ್ಸಿಲ್ಲು ಮತ್ತು ಮಸಿಯಲ್ಲೇ ರಚಿಸಿದ ಭಾರತೀಯ ಕಲಾವಿದೆಯೊಬ್ಬರದು ಎಂಬುದು ನನಗೆ ಬಹಳ ಸಂತೋಷ ಕೊಟ್ಟಿತ್ತು. ದೆಹಲಿಯ ಕಿರಣ್ ನಾಡರ್ ಮ್ಯೂಸಿಯಂ ಮತ್ತು ಮ್ಯಾಡ್ರಿಡ್ಡಿನ ರೇನಾ ಸೋಫಿಯಾ ವಸ್ತುಸಂಗ್ರಹಾಲಯ ಈ ಕೆಲಸದಲ್ಲಿ ಜೊತೆಗೂಡಿದ್ದವು.

ನಸ್ರೀನ್ ಹುಟ್ಟಿದ್ದು 1937ರಲ್ಲಿ, ಕರಾಚಿಯಲ್ಲಿ, ಬೆಳೆದದ್ದು ಮುಂಬಯಿಯಲ್ಲಿ. ಲಂಡನ್ನಿನ ಸೇಂಟ್ ಮಾರ್ಟಿನ್ಸ್ ಕಲಾಶಾಲೆಯಲ್ಲಿ, ಆಮೇಲೆ ಪ್ಯಾರಿಸ್ಸಿನಲ್ಲಿ ಕಲಿತರು. 1972ರಿಂದ ಬರೋಡಾದ ಲಲಿತಕಲಾ ವಿಭಾಗದಲ್ಲಿ ಪಾಠ ಹೇಳಿದರು. 1990ರಲ್ಲಿ, ಐವತ್ತಮೂರನೆಯ ವಯಸ್ಸಿಗೆ, ಮುಂಬಯಿಗೆ ದೂರವಲ್ಲದ ಕಿಹಿಮ್ ಎಂಬ ಕಡಲತೀರದ ಊರಿನಲ್ಲಿ ತೀರಿಕೊಂಡರು.

ಅವರು ತಮ್ಮ ಕೃತಿಗಳಿಗೆ ಹೆಸರಿಡುತ್ತಿರಲಿಲ್ಲ, ತಾರೀಖನ್ನೂ ಹೆಚ್ಚಾಗಿ ಹಾಕುತ್ತಿರಲಿಲ್ಲ. ಹೀಗಾಗಿ ಗೋಡೆಯ ಚೀಟಿಗಳಲ್ಲಿ ‘ಶೀರ್ಷಿಕೆಯಿಲ್ಲ’, ‘ಸುಮಾರು’ ಎಂಬ ಎರಡು ಮಾತುಗಳೇ ಮತ್ತೆ ಮತ್ತೆ ಕಾಣಿಸುತ್ತಿದ್ದವು. ಪುನರವಲೋಕನವೆಂದರೆ ಒಂದು ಬದುಕಿನ ಕೆಲಸವನ್ನು ವರುಷಗಳ ಅನುಕ್ರಮದಲ್ಲಿ ತೋರಿಸುವುದು ಎಂದು ನಾವು ತಿಳಿದಿರುತ್ತೇವೆ. ಇಲ್ಲಿ ಆ ಅನುಕ್ರಮವೇ ನೋಡಿದವರು ಊಹಿಸಿ ಕಟ್ಟಿದ್ದು. ಆದರೂ ಸ್ಥೂಲವಾದ ದಿಕ್ಕು ಸ್ಪಷ್ಟವಾಗಿದೆ: ಮೊದಲಿನ ತೈಲವರ್ಣ ಮತ್ತು ಜಲವರ್ಣಗಳಲ್ಲಿ ಗಿಡದ ರೆಂಬೆಯನ್ನೋ ದಂಡೆಯನ್ನೋ ನೆನಪಿಸುವ ಬಣ್ಣದ ಮಚ್ಚೆಗಳಿವೆ, ಎಪ್ಪತ್ತರ ದಶಕಕ್ಕೆ ಬಣ್ಣವೂ ಕ್ಯಾನ್ವಾಸೂ ಹೋಗಿ ಚೌಕುಳಿಯ ಜಾಲ ಬರುತ್ತದೆ, ಕೊನೆಗೆ ಆ ಜಾಲವೂ ಬಿಚ್ಚಿಕೊಂಡು, ಖಾಲಿ ಕಾಗದದ ಮೇಲೆ ಕೆಲವೇ ಓರೆಗೆರೆಗಳು ತೇಲುತ್ತವೆ.

ನಾನು ಹೆಚ್ಚು ಹೊತ್ತು ನಿಂತದ್ದು ಎಪ್ಪತ್ತರ ದಶಕದ ಆ ಮಸಿಯ ಕೃತಿಗಳ ಮುಂದೆ. ನಕ್ಷೆ ಬರೆಯುವ ಕೆಲಸದಲ್ಲಿಯೇ ಜೀವಮಾನ ಕಳೆದವನು ನಾನು. ರೂಲಿಂಗ್ ಪೆನ್ನಿನ ಎರಡು ಅಲಗುಗಳ ನಡುವೆ ಇಂಡಿಯನ್ ಇಂಕ್ ತುಂಬಿ, ಟಿ-ಸ್ಕ್ವೇರ್ ಎಂಬ ಟಿ ಆಕಾರದ ಪಟ್ಟಿಗೆ ತಾಗಿಸಿ ಎಳೆಯುವಾಗ, ಗೆರೆಯ ಮೊದಲಲ್ಲೂ ಕೊನೆಯಲ್ಲೂ ಮಸಿ ಒಂದು ಕ್ಷಣ ಹೆಚ್ಚು ನಿಂತು ಗುಂಡಗಾಗಿಬಿಡುತ್ತದೆ. ಕೈ ನಿಧಾನವಾದರೆ ಗೆರೆ ದಪ್ಪವಾಗುತ್ತದೆ, ಅವಸರಪಟ್ಟರೆ ನಡುವೆ ಕಡಿದುಹೋಗುತ್ತದೆ. ಕಾಗದದಲ್ಲಿ ಆದ ತಪ್ಪನ್ನು ಬ್ಲೇಡಿನಿಂದ ಕೆರೆದರೂ ಆ ಜಾಗ ಮುಂದಿನ ಮಸಿಯನ್ನು ಹೀರಿ ಹರಡುತ್ತದೆ. ನಸ್ರೀನ್ ಬಳಸಿದ್ದೂ ವಾಸ್ತುಶಿಲ್ಪಿಗಳ ಉಪಕರಣಗಳನ್ನೇ. ಆದರೆ ಸಾಲಾಗಿ ಸಾಗುವ ಸಮಾನಾಂತರ ಗೆರೆಗಳ ನಡುವಿನ ಅಂತರ ಒಂದೆಡೆ ಕೂದಲೆಳೆಯಷ್ಟು ಕಿರಿದಾಗಿ, ಇನ್ನೊಂದೆಡೆ ಸಡಿಲಗೊಂಡು, ಅದರಿಂದಲೇ ಕಾಗದ ಉಬ್ಬಿ ತಗ್ಗಿದಂತೆ ಕಾಣುವ ಹಾಗೆ ಮಾಡುವುದನ್ನು ಯಾವ ಉಪಕರಣವೂ ಕಲಿಸಲಾರದು. ನಮ್ಮ ನಕ್ಷೆಯಲ್ಲಿ ಗೆರೆ ಯಾವಾಗಲೂ ಗೋಡೆಯದೋ ಕಾಲುವೆಯದೋ ಗುರುತು. ಇಲ್ಲಿ ಅದು ಯಾವುದರ ಗುರುತೂ ಅಲ್ಲ, ತಾನೇ ತಾನಾಗಿದೆ.

ಅವರನ್ನು ಕಾಡಿದ ನರಸಂಬಂಧಿ ಕಾಯಿಲೆ ದೇಹದ ಮೇಲಿನ ಹಿಡಿತವನ್ನು ಕ್ರಮೇಣ ಕಸಿದುಕೊಂಡಿತೆಂಬುದನ್ನು ಪ್ರದರ್ಶನಕ್ಕೆ ಬಂದವರೆಲ್ಲ ಮಾತಾಡಿಕೊಳ್ಳುತ್ತಿದ್ದರು. ಕಡೆಯ ವರ್ಷಗಳ ಗೆರೆಗಳಲ್ಲಿ ನಡುಕ ಹುಡುಕಿದರೆ ಸಿಗುವುದಿಲ್ಲ. ಅವು ಮೊದಲಿನವಕ್ಕಿಂತ ದಿಟ್ಟವಾಗಿವೆ. ಆ ಗೆರೆಗಳನ್ನು ಕಾಯಿಲೆಯ ಕಥೆಯಾಗಿ ಓದುವುದು ಅವುಗಳಿಗೆ ಮಾಡುವ ಅನ್ಯಾಯವೆಂದೇ ನನ್ನ ನಂಬಿಕೆ.

ನನ್ನನ್ನು ಹೆಚ್ಚು ಕಾಡಿದ್ದು ಛಾಯಾಚಿತ್ರಗಳು. ಫತೇಪುರ್ ಸಿಕ್ರಿಯ ಕಲ್ಲುಹಾಸು, ಮಗ್ಗಕ್ಕೆ ಬಿಗಿದ ಹಾಸಿನ ಎಳೆಗಳು, ಮರಳು, ನೀರು ಹಿಂದೆ ಸರಿದ ದಂಡೆ: ಇವೆಲ್ಲವನ್ನೂ ಅವರು ಕಪ್ಪು ಬಿಳುಪಿನಲ್ಲಿ ತೆಗೆದಿದ್ದರು. ಬದುಕಿದ್ದಷ್ಟು ದಿನ ಒಮ್ಮೆಯೂ ಪ್ರದರ್ಶಿಸಲಿಲ್ಲ. ಈ ಪ್ರದರ್ಶನದಲ್ಲಿ ಅವು ರೇಖಾಚಿತ್ರಗಳ ಜೊತೆಗೇ ಇದ್ದವು. ಅವು ಸುಂದರವಾಗಿವೆ, ಕಣ್ಣು ಹೇಗೆ ಪಳಗಿತೆಂಬುದನ್ನು ಹೇಳುತ್ತವೆ. ಅವನ್ನು ತೋರಿಸಬಾರದಿತ್ತು ಎನ್ನಲಾರೆ. ಆದರೆ ಅವುಗಳ ಪಕ್ಕದಲ್ಲಿ ರೇಖಾಚಿತ್ರವು ಒಡ್ಡಿದ ಒಗಟಾಗಿ, ಛಾಯಾಚಿತ್ರವು ಅದರ ಉತ್ತರವಾಗಿ ಬಿಡುವ ಅಪಾಯವಿದೆ. ಮೊದಲ ಸಲ ನಾನೂ ಹಾಗೆಯೇ ನೋಡಿದ್ದೆ: ಇದು ಮಗ್ಗ, ಇದು ರಸ್ತೆ ಎಂದು ಗುರುತಿಸುತ್ತ ಹೋಗಿ, ಗುರುತು ಸಿಕ್ಕ ಕೂಡಲೇ ಮುಂದಕ್ಕೆ ಸರಿದಿದ್ದೆ.

ಎರಡನೆಯ ಸಲ ಛಾಯಾಚಿತ್ರಗಳನ್ನು ಬಿಟ್ಟು, ಕೊನೆಯಿಂದ ಹಿಂದಕ್ಕೆ ನಡೆದೆ. ಕಾಗದದ ಒಂದಂಚಿನಿಂದ ಮೇಲೇರಿ, ಇನ್ನೊಂದಂಚು ಮುಟ್ಟುವ ಮೊದಲೇ ನಿಂತುಹೋಗುವ ಓರೆಗೆರೆಯ ತುದಿಗೆ ಬಗ್ಗಿ, ಮಸಿ ಎಲ್ಲಾದರೂ ಗುಂಡಗಾಗಿದೆಯೇ ಎಂದು ನೋಡಿದೆ. ಆಗಿರಲಿಲ್ಲ. ಪೆನ್ನನ್ನು ಎಲ್ಲಿ ಎತ್ತಿದರೆಂಬುದೇ ತಿಳಿಯದಂತೆ ಗೆರೆ ಬಿಳಿಯೊಳಗೆ ಸೇರಿಹೋಗಿತ್ತು.